ಒಂಬೈನೂರು ಗ್ರಾಂ

ರಾಯಚೂರಿನ ನನ್ನ ತರಬೇತಿ ಕೇಂದ್ರದ ಬೋರ್ಡಿನಲ್ಲಿ ಬಾಕ್ಸಿಂಗ್ ಎಂಬ ಪದ ನಾಲ್ಕನೆಯ ಸಾಲಿನಲ್ಲಿದೆ. ಮೊದಲ ಸಾಲು ಕರಾಟೆ, ಎರಡನೆಯದು ಕಿಕ್ ಬಾಕ್ಸಿಂಗ್, ಮೂರನೆಯದು ಹೆಣ್ಣುಮಕ್ಕಳ ಆತ್ಮರಕ್ಷಣೆ. ನಾಲ್ಕನೆಯ ಸಾಲಿನ ಕೆಳಗೆ ಬೇಸಿಗೆ ಶಿಬಿರ, ಅದರ ಕೆಳಗೆ ನನ್ನ ಫೋನ್ ನಂಬರು. ಹದಿನಾಲ್ಕು ವರ್ಷ ಗುದ್ದುತ್ತ, ಗುದ್ದಿಸಿಕೊಳ್ಳುತ್ತ ನಾನು ಕಲಿತ ವಿದ್ಯೆ ಒಂದೇ. ಅದರ ಹೆಸರನ್ನು ಮೇಲೆ ಬರೆದರೆ ನಮ್ಮ ಊರಿನಲ್ಲಿ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಏಕೆಂದರೆ ಬಾಕ್ಸಿಂಗ್ ಕಲಿತ ಮಗುವಿನ ಸೊಂಟಕ್ಕೆ ಮೂರು ತಿಂಗಳಿಗೊಮ್ಮೆ ಬಣ್ಣ ಬದಲಾಗುವ ಬೆಲ್ಟ್ ಬೀಳುವುದಿಲ್ಲ.

"ಸರ್ರ, ನಮ್ಮ ಹುಡುಗ ಬರಾಕತ್ತಿ ಆರು ತಿಂಗಳಾತು. ಇನ್ನಾ ಹಳದಿ ಬೆಲ್ಟೇ ಅದ. ಬಾಜೂ ಮನಿ ಹುಡುಗಗ ಹಸಿರು ಬಂದದಲ್ರೀ" ಎಂದು ತಂದೆ ಬರುತ್ತಾರೆ. ಅವರ ಹುಡುಗನಿಗೆ ನಿಲ್ಲುವಾಗ ಯಾವ ಕಾಲು ಮುಂದಿಡಬೇಕೆಂಬುದೇ ಗೊತ್ತಿಲ್ಲ. ಅದನ್ನು ಹೇಳಿದರೆ ಮರುದಿನದಿಂದ ಅವನು ಬಾಜೂ ಮನೆಯವನ ಕ್ಲಾಸಿಗೆ ಹೋಗುತ್ತಾನೆ. ನಾನು ಹಸಿರು ಬೆಲ್ಟ್ ಕೊಡುತ್ತೇನೆ. ಕರಾಟೆಯನ್ನು ನಾನು ಕಲಿತದ್ದು ಮೂರೂವರೆ ತಿಂಗಳು. ಬೆಲ್ಟಿನ ಗಂಟು ಹಾಕುವುದನ್ನು ಫೋನಿನಲ್ಲಿ ನೋಡಿ ಕಲಿತೆ. ಇಷ್ಟು ಹೇಳಿದ ಮೇಲೆ ನನ್ನ ಬಗ್ಗೆ ನಿಮಗೆ ಗೌರವ ಉಳಿದಿದ್ದರೆ ಅದು ನಿಮ್ಮ ದೊಡ್ಡತನ.

ಇನ್ನೊಂದು ಪ್ರಶ್ನೆಯೂ ಆಗಾಗ ಬರುತ್ತದೆ. ಹುಡುಗರನ್ನು ಸ್ಪರ್ಧೆಗೆ ಒಯ್ಯುತ್ತೀರಿ, ಹುಡುಗಿಯರನ್ನೇಕೆ ಒಯ್ಯುವುದಿಲ್ಲ ಎಂದು. ಜವಾಬ್ದಾರಿ ದೊಡ್ಡದು ಎಂದೋ, ಉಳಿಯುವ ವ್ಯವಸ್ಥೆ ಸರಿ ಇರುವುದಿಲ್ಲ ಎಂದೋ, ಮನೆಯವರು ಒಪ್ಪುವುದಿಲ್ಲ ಎಂದೋ ಬಾಯಿಗೆ ಬಂದದ್ದು ಹೇಳುತ್ತೇನೆ. ಒಂದೂ ನಿಜವಲ್ಲ. ನಿಜ ಏನೆಂದು ಇಲ್ಲಿ ಬರೆಯುತ್ತಿದ್ದೇನೆ, ಬರೆಯಲು ಕೂತಾಗಲೂ ಅದನ್ನು ಹೇಗೆ ಸ್ವಲ್ಪ ಚಂದ ಮಾಡಲಿ ಎಂದೇ ಮನಸ್ಸು ಹುಡುಕುತ್ತಿದೆ.

ನಮ್ಮದು ಮೂಲದಲ್ಲಿ ಮಲ್ಲಟದ ಕಡೆಯ ಮನೆತನ, ಹೊಲವಿಲ್ಲದ ಮನೆತನ. ಅಪ್ಪ ಮಾನ್ವಿಗೆ ಬಂದು ಹಮಾಲಿ ಹಿಡಿದ. ಅಕ್ಕಿ ಗಿರಣಿಗಳಲ್ಲಿ ಭತ್ತದ ಚೀಲ ಇಳಿಸುವುದು, ಹೊತ್ತು ಒಳಗೆ ಒಟ್ಟುವುದು. ಸಂಜೆ ಮನೆಗೆ ಬಂದು ಗೋಡೆಗೆ ಬೆನ್ನು ಹಚ್ಚಿ ಕೂತರೆ, ಅವತ್ತು ಯಾವ ಗಿರಣಿಯ ಕಾಟಾ ರೈತನಿಂದ ಎಷ್ಟು ನುಂಗಿತು ಎಂಬುದನ್ನು ನಗುತ್ತ ಹೇಳುತ್ತಿದ್ದ. ಕಾಟಾ ಎಂದರೆ ನಮ್ಮಲ್ಲಿ ಚೀಲ ತೂಗುವ ಯಂತ್ರ. "ಹೊತ್ತವನ ಬೆನ್ನಿಗೆ ಗೊತ್ತಾಗ್ತದ ಲೇ ತಮ್ಮಾ, ಚೀಲದಾಗ ಎಷ್ಟದ ಅಂತ. ಆ ಕಾಟಾಕ್ಕ ಮಾತ್ರ ಗೊತ್ತಾಗಂಗಿಲ್ಲ" ಎನ್ನುತ್ತಿದ್ದ. ನಾವು ಮಕ್ಕಳೂ ನಗುತ್ತಿದ್ದೆವು. ಯಾರದೋ ಭತ್ತ, ಯಾರದೋ ಕಾಟಾ, ನಮಗೇನು?

ಅಕ್ಕನನ್ನು ಶಕ್ತಿನಗರಕ್ಕೆ ಕೊಟ್ಟಿದ್ದರು. ಭಾವ ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರ. ಹೈಸ್ಕೂಲು ಓದಲೆಂದು ನಾನು ಅಕ್ಕನ ಮನೆ ಸೇರಿದೆ, ಓದುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿ ಮಾಡಿದೆ. ಕಾಲೋನಿಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದ ಒಬ್ಬ ಮಾಜಿ ಸೈನಿಕ ಬೆಳಿಗ್ಗೆ ನಾಲ್ಕಾರು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ. ಹಿಂದಿ ಬಿಟ್ಟು ಬೇರೆ ಭಾಷೆ ಬಾರದು, ಬೈಗುಳ ಮಾತ್ರ ಕನ್ನಡದಲ್ಲಿ ಕಲಿತಿದ್ದ. ಗೋಣಿಚೀಲದಲ್ಲಿ ಹಳೆ ಬಟ್ಟೆ, ಬಾಯ್ಲರಿನ ಬೂದಿ ತುಂಬಿ ಬೇವಿನ ಮರಕ್ಕೆ ಕಟ್ಟಿದ್ದ. ಒಂದೊಂದು ಗುದ್ದಿಗೂ ಬೂದಿ ಉದುರಿ ನಮ್ಮ ಹುಬ್ಬು, ರೆಪ್ಪೆ ಬೆಳ್ಳಗಾಗುತ್ತಿದ್ದವು. ನನ್ನನ್ನು ಮನುಷ್ಯ ಎಂದು ಮೊದಲು ಲೆಕ್ಕಕ್ಕೆ ಹಿಡಿದವನು ಅವನೇ ಇರಬೇಕು.

ಆಮೇಲೆ ಜಿಲ್ಲೆ, ವಿಭಾಗ, ವಿಶ್ವವಿದ್ಯಾಲಯ, ರಾಜ್ಯ. ರಾಜ್ಯದಲ್ಲಿ ಎರಡು ಸಲ ಬೆಳ್ಳಿ ಬಂತು. ಎರಡೂ ಸಲ ಪೇಪರಿನಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು ಬಂತು, ಒಂದು ಸಲ ಅದೂ ತಪ್ಪು ಹೆಸರು. ಒಂದು ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದ ದೊಡ್ಡ ಮನುಷ್ಯರು ಇಪ್ಪತ್ತು ನಿಮಿಷ ಕಬಡ್ಡಿಯ ಬಗ್ಗೆ ಮಾತಾಡಿದರು. ಮೂರನೆಯ ಸಲ ಚಿನ್ನ ಬರುತ್ತದೆಂದು ನಂಬಿದ್ದ ವರ್ಷ ಎಡಗಣ್ಣಿನ ಮುಂದೆ ಮಂಜು ಬಂದು ನಿಂತಿತು. ಡಾಕ್ಟರು ಪರೀಕ್ಷೆ ಮಾಡಿ, ಇನ್ನೊಂದು ಬಲವಾದ ಏಟು ಬಿದ್ದರೆ ಈ ಕಣ್ಣಿನ ಆಸೆ ಬಿಡು ಎಂದರು. ಪೊಲೀಸ್ ಕೆಲಸಕ್ಕೆ ಹಾಕಿದ್ದ ಅರ್ಜಿಯೂ ಅದೇ ಕಣ್ಣಿನಿಂದ ಬಿದ್ದುಹೋಯಿತು. ಆಡಲು ಆಗದವನು ಆಡಿಸುವವನಾಗುತ್ತಾನೆ. ನಾನೂ ಆದೆ.

ಸೋಮವಾರ, ಬುಧವಾರ, ಶುಕ್ರವಾರ ರಾಯಚೂರು. ಗುರುವಾರ, ಶನಿವಾರ ಮಾನ್ವಿ. ಮಂಗಳವಾರ ದೇವದುರ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಆತ್ಮರಕ್ಷಣೆಯ ಪಾಠ. ಯಾರಾದರೂ ಮುಂಗೈ ಹಿಡಿದರೆ ಬಿಡಿಸಿಕೊಳ್ಳುವುದು ಹೇಗೆ, ಹಿಂದಿನಿಂದ ಬಂದು ತಬ್ಬಿದರೆ ಏನು ಮಾಡಬೇಕು, ಇಷ್ಟನ್ನು ಕೆಲವು ವಾರದಲ್ಲಿ ಕಲಿಸಿ, ಫೋಟೋ ತೆಗೆದು ಮೇಲಿನವರಿಗೆ ಕಳಿಸಬೇಕು. ಹುಡುಗಿಯರು ಬಾಯಿಗೆ ಓಢಣಿ ಅಡ್ಡ ಹಿಡಿದು ನಗುತ್ತಿದ್ದರು. ನಾನೂ ಗಡಿಯಾರ ನೋಡುತ್ತ ಕಲಿಸುತ್ತಿದ್ದೆ.

ಆ ಹುಡುಗಿ ಸಿಕ್ಕಿದ್ದು ಅಲ್ಲಿಯೇ. ಪಿಯುಸಿ ಎರಡನೆಯ ವರ್ಷ. ಎಲ್ಲರಿಗೂ ಒಂದೊಂದು ಗುದ್ದು ಹೊಡೆಯಲು ಪ್ಯಾಡ್ ಹಿಡಿದು ನಿಂತಿದ್ದೆ. ಇವಳ ಸರದಿ ಬಂದಾಗ ಬಲಗೈಯಲ್ಲಿ ಹೊಡೆದಳು, ಏನೂ ಇಲ್ಲ. ಆಮೇಲೆ ಅತ್ತಿತ್ತ ನೋಡಿ, ಕದ್ದು ಎಡಗೈಯಲ್ಲಿ ಹೊಡೆದಳು. ನನ್ನ ಭುಜದವರೆಗೆ ಜುಮ್ಮೆಂದಿತು. ಎಡಗೈ ಮುಂದೆ ಮಾಡಿದ್ದಕ್ಕೆ ಮನೆಯಲ್ಲಿ, ಶಾಲೆಯಲ್ಲಿ ಬೈಸಿಕೊಂಡೇ ಬೆಳೆದವಳಂತೆ.

"ತಪ್ಪಾತೇನ್ರೀ ಸರ?" ಎಂದಳು.

"ಇನ್ನೊಮ್ಮಿ ಹೊಡಿ" ಎಂದೆ.

ಆ ದಿನದಿಂದ ಅವಳೊಬ್ಬಳಿಗೆ ಬೇರೆಯಾಗಿ ಬಾಕ್ಸಿಂಗ್ ಹೇಳಿಕೊಟ್ಟೆ. ಎಂಟು ತಿಂಗಳಲ್ಲಿ ಅವಳು ಕಲಿತದ್ದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿದಿತ್ತು. ಇದು ಹೊಗಳಿಕೆಯಲ್ಲ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಹೊಡೆತ ಬರುವ ಮೊದಲೇ ಅವಳ ತಲೆ ಅಲ್ಲಿರುತ್ತಿರಲಿಲ್ಲ. ಅವಳ ಕಾಲಿನ ಚಲನೆ ನೋಡುವಾಗ ನನ್ನ ಮಂಜುಗಣ್ಣೂ ಸರಿಯಾದಂತೆ ಅನಿಸುತ್ತಿತ್ತು. ನನಗೆ ಸಿಗದ ಚಿನ್ನವನ್ನು ಇವಳ ಕೊರಳಲ್ಲಿ ನೋಡಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಅವಳನ್ನು ಕೇಳಲಿಲ್ಲ.

ರಾಜ್ಯ ಮಟ್ಟದ ಸ್ಪರ್ಧೆ ಆ ಬೇಸಿಗೆಗಿತ್ತು. ಅದರಲ್ಲಿ ಪದಕ ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಊಟ, ವಸತಿ, ಡಿಗ್ರಿ ಓದು, ನಿಜವಾದ ರಿಂಗು, ನನಗಿಂತ ತಿಳಿದ ತರಬೇತುದಾರರು. ಮುಂದಿನ ವರ್ಷ ಅವಳು ಆ ಸ್ಪರ್ಧೆಯ ವಯೋಮಿತಿ ದಾಟುತ್ತಿದ್ದಳು. ಇದ್ದದ್ದು ಒಂದೇ ಅವಕಾಶ. ಅವಳ ತಾಯಿ ದೇವದುರ್ಗದ ಹತ್ತಿರ ಮೆಣಸಿನಕಾಯಿ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ತಂದೆ ಇರಲಿಲ್ಲ. ನಾನು ಅವರ ಮನೆಗೆ ಹೋಗಿ ಕೇಳಿದೆ. ತಾಯಿ ಬಹಳ ಹೊತ್ತು ನನ್ನನ್ನು ಅಳೆದಳು.

"ನೀವು ಕಲಿಸಿದವರು, ನಿಮ್ಮ ಮಾತು ತಗದು ಹಾಕಂಗಿಲ್ಲ. ಒಂದು ಸಲ ಕರಕೊಂಡು ಹೋಗ್ರಿ" ಎಂದಳು. "ಗೆದ್ದು ಬಂದ್ಲಂದ್ರ ಆ ಹಾಸ್ಟೆಲಿಗೆ ನಾನ ಬಿಟ್ಟು ಬರ್ತೀನಿ. ಸೋತು ಬಂದ್ಲಂದ್ರ ಇದಾ ಕಡೀ. ನನ್ನ ಜೊತಿ ಹೊಲಕ್ಕ ಬರ್ತಾಳ. ಮತ್ತ ಕೇಳಾಕ ಬರಬ್ಯಾಡ್ರಿ."

"ಆತ್ರೀ ಯವ್ವಾ" ಎಂದೆ. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಅವಳ ಸಹಜ ತೂಕ ಐವತ್ತೊಂದೂವರೆ ಕಿಲೋ. ನಾನು ಅವಳ ಹೆಸರು ಕಳಿಸಿದ್ದು ನಲವತ್ತೆಂಟು ಕಿಲೋ ವಿಭಾಗಕ್ಕೆ. ಇದು ನಮ್ಮ ಕಸುಬಿನ ಹಳೆಯ ರೂಢಿ. ಮೇಲಿನ ತೂಕದವರನ್ನು ಉಪವಾಸ ಕೆಡವಿ ಕೆಳಗಿನ ತೂಕಕ್ಕೆ ಇಳಿಸುತ್ತೇವೆ. ತೂಕದ ಯಂತ್ರದ ಮೇಲೆ ನಿಂತು ಪಾಸಾದ ಕೂಡಲೇ ಉಣ್ಣಿಸಿ, ನೀರು ಕುಡಿಸಿ, ರಿಂಗಿಗೆ ಬಿಡುತ್ತೇವೆ. ಎದುರಾಳಿಗಿಂತ ಒಂದು ಹಿಡಿ ಹೆಚ್ಚು ಶಕ್ತಿ ಸಿಗುತ್ತದೆ ಎಂಬ ಲೆಕ್ಕ. ನನ್ನನ್ನೂ ಹಾಗೆಯೇ ಇಳಿಸುತ್ತಿದ್ದರು. ಐವತ್ತು ಕಿಲೋ ವಿಭಾಗಕ್ಕೆ ನಮ್ಮ ಜಿಲ್ಲೆಯಿಂದ ಆಗಲೇ ಬೇರೊಬ್ಬ ಹುಡುಗಿಯ ಹೆಸರು ಹೋಗಿತ್ತು.

ಸ್ಪರ್ಧೆಗೆ ಹನ್ನೆರಡು ದಿನ ಮೊದಲು ಅವಳನ್ನು ಮಾನ್ವಿಗೆ ಕರೆತಂದು ನನ್ನ ಅವ್ವನ ಹತ್ತಿರ ಇರಿಸಿದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಊರ ಅಂಚಿನ ಒಂದು ಅಕ್ಕಿ ಗಿರಣಿಯ ಮಾಲೀಕ ತನ್ನನ್ನು ಕ್ರೀಡಾಪ್ರೇಮಿ ಎಂದು ಕರೆದುಕೊಳ್ಳುತ್ತಿದ್ದ. ಭತ್ತ ಒಣಹಾಕುವ ಸಿಮೆಂಟಿನ ಅಂಗಳವನ್ನು ಬೆಳಿಗ್ಗೆ ಎಂಟರವರೆಗೆ ನಮಗೆ ಬಿಟ್ಟುಕೊಟ್ಟ. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ತೆಗೆದು, ತಲೆಗೆ, ಕೈಗೆ ತೂತು ಮಾಡಿ ಹುಡುಗಿಗೆ ತೊಡಿಸಿದೆ. ಅದರ ಮೇಲೆ ಎರಡು ಸ್ವೆಟರು. ಏಪ್ರಿಲ್ ತಿಂಗಳಿನ ಮಾನ್ವಿಯಲ್ಲಿ ಸ್ವೆಟರು! ಹಾಗೆಯೇ ಓಟ, ಹಾಗೆಯೇ ಹಗ್ಗದಾಟ. ಪ್ಲಾಸ್ಟಿಕ್ ತೆಗೆದರೆ ಬೆವರು ದಳದಳ ಇಳಿಯುತ್ತಿತ್ತು.

"ಬೆಳ್ಯೋ ಹುಡುಗಿಗೆ ಅರ್ಧ ರೊಟ್ಟಿ ಹಾಕಂತಿ. ಯಾವ ಜನ್ಮದ ಸೇಡಲೇ ನಿಂದು?" ಎಂದು ಅವ್ವ ನನ್ನ ಮೇಲೆ ಹರಿಹಾಯುತ್ತಿದ್ದಳು.

"ಇರ್ಲಿ ಬಿಡಬೇ ಅಮ್ಮಾ, ಹಸಿವಿಲ್ಲ ನನಗ" ಎಂದು ಹುಡುಗಿಯೇ ನನ್ನನ್ನು ಬಿಡಿಸುತ್ತಿದ್ದಳು.

ತೂಕ ನೋಡಲು ರಾಯಚೂರಿನಿಂದ ನನ್ನದೊಂದು ಮುಳ್ಳಿನ ಯಂತ್ರ ಒಯ್ದಿದ್ದೆ, ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು. ಗಿರಣಿಯಲ್ಲಿ ಬಾಗಿಲ ಹತ್ತಿರವೇ ದೊಡ್ಡ ಎಲೆಕ್ಟ್ರಾನಿಕ್ ಕಾಟಾ ಇತ್ತು. ಕೆಂಪು ಅಂಕಿ, ಹತ್ತು ಗ್ರಾಂ ಹೆಚ್ಚುಕಡಿಮೆಯಾದರೂ ತೋರಿಸುತ್ತಿತ್ತು. ಮೊದಲ ದಿನ ಎರಡರ ಮೇಲೂ ಹುಡುಗಿಯನ್ನು ನಿಲ್ಲಿಸಿದೆ. ಮುಳ್ಳಿನ ಯಂತ್ರ ಒಂದು ಕಿಲೋ ಹೆಚ್ಚು ತೋರಿಸಿತು. ಇದಕ್ಕೆ ವಯಸ್ಸಾಯಿತು ಎಂದು ಅದನ್ನು ಮೂಲೆಗೆ ಹಾಕಿದೆ. ಕೆಂಪು ಅಂಕಿಯ ಮುಂದೆ ಮುಳ್ಳಿಗೆ ಯಾರು ಬೆಲೆ ಕೊಡುತ್ತಾರೆ?

ಗಿರಣಿಯ ಮುನೀಮ ದಿನಾ ಬೆಳಿಗ್ಗೆ ನಮಗಾಗಿ ಕಾಟಾದ ಸ್ವಿಚ್ ಹಾಕುತ್ತಿದ್ದ. "ಏನ್ರೀ ಸರ್ರ, ನಿಮ್ಮ ಚೀಲಾ ದಿನಾ ಹಗುರ ಆಗಾಕತ್ತದ" ಎಂದು ನಗೆಯಾಡುತ್ತಿದ್ದ. ನಾನೂ ನಗುತ್ತಿದ್ದೆ. ಒಂದು ದಿನ ಚಹಾ ಕುಡಿಯುತ್ತ, ಅಪ್ಪ ಹೇಳುತ್ತಿದ್ದ ಕಾಟಾದ ಕಥೆಗಳನ್ನು ಅವನಿಗೇ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಕಾಟಾದ ಮೇಲೆ ಕೈ ಊರಿಕೊಂಡೇ ನಕ್ಕದ್ದು. ಅಷ್ಟಾದರೂ ನನ್ನ ತಲೆಯಲ್ಲಿ ಒಂದು ಹುಳುವೂ ಕದಲಲಿಲ್ಲ. ಕಾಟಾ ರೈತನ ಭತ್ತವನ್ನು ನುಂಗುತ್ತದೆ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು. ಅದು ಹುಡುಗಿಯನ್ನೂ ನುಂಗುತ್ತದೆ ಎಂದು ಹೊಳೆಯಲಿಲ್ಲ.

ಹೊರಡುವ ದಿನ ಕೆಂಪು ಅಂಕಿ ನಲವತ್ತೇಳು ಕಿಲೋ ಒಂಬೈನೂರು ಗ್ರಾಂ ತೋರಿಸಿತು. ಹುಡುಗಿಯ ಕೆನ್ನೆ ಒಳಗೆ ಹೋಗಿದ್ದವು, ತುಟಿ ಒಡೆದಿದ್ದವು. ಆ ಅಂಕಿ ನೋಡಿ ನಕ್ಕಳು, ನಗುವಾಗ ತುಟಿಯಿಂದ ರಕ್ತ ಬಂತು. ನನಗೆ ಹೆಮ್ಮೆಯಾಯಿತು. ನಾಚಿಕೆಯಾಗಬೇಕಿತ್ತು.

ಸ್ಪರ್ಧೆ ದಾವಣಗೆರೆಯಲ್ಲಿ. ಮಾನ್ವಿಯಿಂದ ಬಸ್ಸು ಹಿಡಿದು ಸಿಂಧನೂರು, ಗಂಗಾವತಿ, ಹೊಸಪೇಟೆ ದಾಟಿ ಹೋಗಬೇಕು, ಇಡೀ ದಿನದ ದಾರಿ. ಕಿಟಕಿಯಿಂದ ಬೆಂಕಿಗಾಳಿ ಬರುತ್ತಿತ್ತು. ಮರುದಿನ ಬೆಳಿಗ್ಗೆ ತೂಕ ಕೊಡುವವರೆಗೆ ನೀರು ಮುಟ್ಟುವಂತಿಲ್ಲ ಎಂದಿದ್ದೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳು ಎಂದಿದ್ದೆ. ಹೊಸಪೇಟೆಯಲ್ಲಿ ಬಸ್ಸು ನಿಂತಾಗ ಅವಳು ಮುಖ ತೊಳೆಯಲು ನಲ್ಲಿಯ ಹತ್ತಿರ ಹೋಗಿ ಬಂದಳು. ಅದೊಂದು ಸಲ ಬಿಟ್ಟರೆ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆಯೇ ಇದ್ದಳು.

ದಾವಣಗೆರೆ ಮುಟ್ಟಿದ ಸಂಜೆ, ತೂಕ ಪರೀಕ್ಷಿಸಿಕೊಳ್ಳಲೆಂದು ಮೈದಾನದಲ್ಲಿ ಒಂದು ಯಂತ್ರ ಇಟ್ಟಿದ್ದರು. ಉಳಿದ ಜಿಲ್ಲೆಯವರು ಸಾಲುಗಟ್ಟಿ ನಿಂತಿದ್ದರು. ಒಬ್ಬ ಹಳೆಯ ತರಬೇತುದಾರ ನನ್ನನ್ನೂ ಕರೆದ. "ನಮ್ಮದು ಎಲೆಕ್ಟ್ರಾನಿಕ್ ಕಾಟಾದಾಗ ನೋಡೀವ್ರೀ, ಗ್ರಾಂ ತಪ್ಪಂಗಿಲ್ಲ" ಎಂದು ದೊಡ್ಡದಾಗಿ ಹೇಳಿ ಮುಂದೆ ಹೋದೆ. ಆ ಮಾತು ನೆನಪಾದರೆ ಇಂದಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಬೆಳಿಗ್ಗೆ ತೂಕದ ಕೋಣೆಯೊಳಗೆ ಹೋದ ಹುಡುಗಿ ಎರಡೇ ನಿಮಿಷದಲ್ಲಿ ಹೊರಗೆ ಬಂದಳು. ಹಿಂದೆಯೇ ಬಂದ ಅಧಿಕಾರಿಣಿ, "ನಲವತ್ತೆಂಟು ಒಂಬೈನೂರು. ಒಂಬೈನೂರು ಗ್ರಾಂ ಹೆಚ್ಚಿದೆ. ಒಂದು ಗಂಟೆ ಸಮಯ ಇದೆ, ಇಳಿಸಿಕೊಂಡು ಬನ್ನಿ" ಎಂದರು. ಸೌಜನ್ಯದಿಂದಲೇ ಹೇಳಿದರು. ಸುತ್ತ ಹತ್ತು ಹನ್ನೆರಡು ತರಬೇತುದಾರರಿದ್ದರು, ನಿನ್ನೆ ನನ್ನನ್ನು ಕರೆದವನೂ ಇದ್ದ. ಎಲ್ಲರ ಕಣ್ಣು ನನ್ನ ಮೇಲೆ.

ಒಂಬೈನೂರು ಗ್ರಾಂ ಎಂದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು. ಕದ್ದು ಕುಡಿಯುವ ಹುಡುಗಿ ಒಂದು ಲೀಟರ್ ಕುಡಿಯಲು ಸಾಧ್ಯವಿಲ್ಲ ಎಂಬುದು ಈ ಕಸುಬಿನಲ್ಲಿ ಎರಡು ದಿನ ಇದ್ದವನಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಕ್ಷಣ ನನಗೆ ಬೇಕಾಗಿದ್ದದ್ದು ಸತ್ಯವಲ್ಲ, ನನ್ನ ಮುಖ ಉಳಿಸುವ ಒಂದು ಮಾತು.

"ಏನ್ ಕುಡದಿ? ಖರೇ ಹೇಳು. ಎಲ್ಲಿ ಕುಡದಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

"ಇಲ್ರೀ ಸರ" ಎಂದಳು. ಅವಳ ಕಣ್ಣು ನೆಲದ ಮೇಲಿತ್ತು.

"ಸುಳ್ಳು ಹೇಳಬ್ಯಾಡ. ನನ್ನ ಮಾರಿಗೆ ಮಸಿ ಬಳದಿ."

ಪಕ್ಕದ ಒಬ್ಬ ತಲೆಯಾಡಿಸಿ, ಹುಡುಗಿಯರ ಹಣೆಬರಹವೇ ಇಷ್ಟು ಎಂದ. ನನಗೆ ಸಮಾಧಾನವಾಯಿತು. ಸಮಾಧಾನವಾಯಿತು ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಆದದ್ದು ಅದೇ.

ಆ ಒಂದು ಗಂಟೆ ಮೈದಾನದ ಸುತ್ತ ಓಡಿಸಿದೆ. ಪ್ಲಾಸ್ಟಿಕ್ ತೊಡಿಸಿ ಹಗ್ಗ ಆಡಿಸಿದೆ. ಬಾಯಿಗೆ ಹುಣಸೆಹಣ್ಣಿಟ್ಟು ಉಗುಳು ಬರಿಸಿ ಉಗುಳಿಸಿದೆ. ಅರ್ಧ ಗಂಟೆಯಾದ ಮೇಲೆ ಬೆವರೇ ಬರುತ್ತಿರಲಿಲ್ಲ, ಅವಳ ಮೈಯಲ್ಲಿ ನೀರು ಉಳಿದಿದ್ದರೆ ತಾನೆ! ಕಾಲು ಗಂಟೆ ಉಳಿದಾಗ ಅವಳೇ ಕೂತು ಜಡೆ ಬಿಚ್ಚಿದಳು. ಸೊಂಟದವರೆಗಿನ ಕೂದಲು. "ತಗದುಬಿಡ್ರೀ ಸರ" ಎಂದಳು.

ಕೈಗೆ ಸುತ್ತುವ ಬ್ಯಾಂಡೇಜು ಕತ್ತರಿಸುವ ಸಣ್ಣ ಕತ್ತರಿ ನನ್ನ ಚೀಲದಲ್ಲಿತ್ತು. ಬೇರೆ ಜಿಲ್ಲೆಯ ಒಬ್ಬ ಮಹಿಳಾ ತರಬೇತುದಾರರು ಅಡ್ಡ ಬಂದು, "ಅಣ್ಣಾ, ಕೂದಲು ಎಷ್ಟು ತೂಗುತ್ತೆ? ಬಿಡಿ, ಮಗು ನಡುಗ್ತಿದೆ" ಎಂದರು. ನಾನು ಕೇಳಲಿಲ್ಲ. ಕತ್ತರಿ ಸಣ್ಣದು, ಕೂದಲು ದಟ್ಟ. ಎಳೆದು ಎಳೆದು ಕತ್ತರಿಸಿದೆ. ಕೂದಲನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅಲ್ಲಿದ್ದ ಕಸದ ಡಬ್ಬಿಗೆ ಹಾಕಿದೆ.

ಅವಳು ಮತ್ತೆ ಒಳಗೆ ಹೋದಳು. ಮುನ್ನೂರು ಗ್ರಾಂ ಹೆಚ್ಚಿತ್ತು. ಅಷ್ಟರಲ್ಲಿ ಸಮಯ ಮುಗಿಯಿತು. ಅವಳ ಹೆಸರಿನ ಮೇಲೆ ಗೀಟು ಎಳೆದರು. ಆ ವರ್ಷ ಆ ತೂಕದಲ್ಲಿ ಚಿನ್ನ ಗೆದ್ದ ಹುಡುಗಿಯ ಪಂದ್ಯವನ್ನು ನಾವು ನೋಡಲೇ ಇಲ್ಲ, ಮಧ್ಯಾಹ್ನದ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಅವಳಿಗೆ ನೀರಿನ ಬಾಟಲಿ ಕೊಟ್ಟೆ. ಕೈಯಲ್ಲಿ ಹಿಡಿದು ಕೂತಿದ್ದಳು, ಬಹಳ ದೂರದವರೆಗೆ ಕುಡಿಯಲಿಲ್ಲ.

ಮನೆಗೆ ಬಿಡಲು ನಾನೇ ಹೋದೆ. ತಾಯಿ ಬಾಗಿಲಲ್ಲಿ ನಿಂತು ಮಗಳ ತಲೆ ನೋಡಿದಳು. ಏನೂ ಕೇಳುವ ಮೊದಲೇ ನಾನು ಶುರು ಮಾಡಿದೆ. "ದಾರ್ಯಾಗ ನೀರು ಕುಡದಾಳ್ರೀ ಯವ್ವಾ. ಎಷ್ಟು ಹೇಳಿದ್ರೂ ಕೇಳಲಿಲ್ಲ. ತೂಕ ಹೆಚ್ಚಾತು, ಹೊರಗ ಹಾಕಿದ್ರು."

ತಾಯಿ ನನ್ನ ಮಾತಿಗೆ ಕಿವಿಗೊಟ್ಟಂತೆ ಕಾಣಲಿಲ್ಲ. ಮಗಳ ತಲೆಯ ಮೇಲೆ ಕೈಯಾಡಿಸುತ್ತ, "ಕೂದಲಾ ಎಲ್ಲದ?" ಎಂದಳು.

"ಅಲ್ಲೇ ಹೋತ್ರೀ" ಎಂದೆ.

"ಹ್ಯಾಂಗೂ ತಗಸಿದ್ರಿ, ದೇವರಿಗರ ಕೊಟ್ಟು ಬರಬೇಕಿತ್ತಲ್ರೀ" ಎಂದಳು. ಚಹಾ ಮಾಡುತ್ತೇನೆ, ಕುಡಿದು ಹೋಗಿ ಎಂದಳು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಸುಳ್ಳು ಹೇಳಿ ಎದ್ದು ಬಂದೆ.

ಎರಡು ವಾರದ ನಂತರ ಮಾನ್ವಿಯ ಕ್ಲಾಸಿಗೆಂದು ಇಪ್ಪತ್ತು ಕಿಲೋದ ಎರಡು ಕಬ್ಬಿಣದ ಪ್ಲೇಟು ತರಿಸಿದ್ದೆ, ವ್ಯಾಯಾಮಕ್ಕೆ ಬಳಸುವಂಥವು. ಗಿರಣಿಯ ಲಾರಿಯಲ್ಲೇ ಬಂದವು. ಇಳಿಸುವಾಗ ಹಮಾಲರು ಎರಡನ್ನೂ ಕಾಟಾದ ಮೇಲೆ ಇಟ್ಟರು. ಕೆಂಪು ಅಂಕಿ ಮೂವತ್ತೊಂಬತ್ತು ಕಿಲೋ ಇನ್ನೂರು ಗ್ರಾಂ ಎಂದಿತು. ಒಂದನ್ನು ತೆಗೆದೆ. ಹತ್ತೊಂಬತ್ತು ಕಿಲೋ ಆರುನೂರು. ಕಬ್ಬಿಣ ನೀರು ಕುಡಿಯುವುದಿಲ್ಲ, ಬೆವರುವುದೂ ಇಲ್ಲ. ನಿಂತಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತಕ್ಕೆ ನಾನೂರು ಗ್ರಾಂ ನುಂಗಿದರೆ ನಲವತ್ತೊಂಬತ್ತಕ್ಕೆ ಎಷ್ಟು? ಲೆಕ್ಕ ದಾವಣಗೆರೆಯ ಯಂತ್ರ ಹೇಳಿದಲ್ಲಿಗೇ ಬಂದು ನಿಂತಿತು.

ಮುನೀಮನ ಕಡೆ ನೋಡಿದೆ. "ಇದು ತಗೊಳ್ಳೋ ಕಾಟಾ ಅಲ್ರೀ ಸರ್ರ" ಎಂದ, ಗುಟ್ಟೇನೂ ಅಲ್ಲವೆಂಬಂತೆ. "ಭತ್ತ ತಗೊಳ್ಳಾಕ ಇದು. ಕೊಡೋ ಕಾಟಾ ಒಳಗದ, ಅಕ್ಕಿ ಹೊರಗ ಹೋಗುವಾಗ ಅದರ ಮ್ಯಾಲ ತೂಗ್ತೀವಿ."

"ಹನ್ನೆರಡು ದಿನ ಆ ಹುಡುಗೀನ ಇದರ ಮ್ಯಾಲ ನಿಲ್ಲಿಸಿದ್ನಲ್ಲ, ಒಂದು ಮಾತು ಹೇಳಬಾರದೇನೋ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಮ್ಮಪ್ಪ ಇಲ್ಲೇ ಚೀಲ ಹೊತ್ತಾನ. ನೀವ ಚಹಾ ಕುಡಕೋತ ಕಾಟಾದ ಕಥಿ ಹೇಳಿದ್ರಿ. ನಿಮಗ ಗೊತ್ತಿಲ್ಲಂತ ನಾನು ಹ್ಯಾಂಗ ತಿಳೀಲಿ?" ಎಂದ.

ಜಗಳ ಮಾಡಬೇಕೆಂದಿದ್ದವನು ಕಾಟಾದ ಮೇಲೆ ಉಳಿದಿದ್ದ ಪ್ಲೇಟನ್ನು ಇಳಿಸಿದೆ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಒಂದು ಕಿಲೋ ಹೆಚ್ಚು ಎಂದು ಗೊತ್ತಿದ್ದರೆ, ಅವಳ ಮೈಯಲ್ಲಿ ನೀರು ಉಳಿದಿದ್ದ ದಿನಗಳಲ್ಲೇ ಇಳಿಸಬಹುದಿತ್ತು. ಮೂಲೆಗೆ ಎಸೆದ ಮುಳ್ಳಿನ ಯಂತ್ರವನ್ನು ನಂಬಿದ್ದರೂ ಸಾಕಿತ್ತು. ಸಂಜೆ ಮೈದಾನದ ಸಾಲಿನಲ್ಲಿ ಎಲ್ಲರಂತೆ ನಿಂತಿದ್ದರೂ ರಾತ್ರಿಯೆಲ್ಲ ಕೈಯಲ್ಲಿರುತ್ತಿತ್ತು.

ಅಂದೇ ದೇವದುರ್ಗದ ಬಸ್ಸು ಹತ್ತಿ, ಆ ತಾಯಿಯ ಮುಂದೆ ಹೋಗಿ, ತಪ್ಪು ನಿಮ್ಮ ಮಗಳದಲ್ಲ, ನನ್ನದು ಎನ್ನಬೇಕಿತ್ತು. ಮುಂದಿನ ಮಂಗಳವಾರ ಹೇಳೋಣ ಎಂದುಕೊಂಡೆ. ಆ ಮಂಗಳವಾರ ಹಾಸ್ಟೆಲಿಗೆ ರಜೆ. ಅದರ ಮುಂದಿನ ಮಂಗಳವಾರ ಹೋದಾಗ, ಹುಡುಗಿ ಹಾಸ್ಟೆಲ್ ಬಿಟ್ಟು ತಾಯಿಯ ಜೊತೆ ಕೂಲಿಗೆ ಹೋಗುತ್ತಿದ್ದಾಳೆ ಎಂದರು. ಅವರ ಮನೆ ಅಲ್ಲಿಂದ ಆಟೋದಲ್ಲಿ ಅರ್ಧ ಗಂಟೆ ದೂರ. ನಾನು ರಾಯಚೂರಿನ ಬಸ್ಸು ಹಿಡಿದೆ. ಮುಂದೆ ಆ ಹಾಸ್ಟೆಲಿನ ಪಾಠವನ್ನೇ ಬಿಟ್ಟೆ, ಹುಡುಗಿಯರನ್ನು ಸ್ಪರ್ಧೆಗೆ ಒಯ್ಯುವುದನ್ನೂ ಬಿಟ್ಟೆ. ರಿಂಗಿನಲ್ಲಿ ನಾನು ಎಂದೂ ಹಿಂದೆ ಸರಿದವನಲ್ಲ ಎಂದು ಇಂದಿಗೂ ಹುಡುಗರಿಗೆ ಹೇಳುತ್ತೇನೆ. ಅದು ನಿಜವೇ, ರಿಂಗಿನ ಮಟ್ಟಿಗೆ.

ಇದೆಲ್ಲ ಆಗಿ ಆರು ವರ್ಷ. ಹೋದ ಫೆಬ್ರವರಿಯಲ್ಲಿ ರಾಯಚೂರಿನ ಒಂದು ಸಭಾಂಗಣದಲ್ಲಿ ನನ್ನ ಕೇಂದ್ರದ ಬೆಲ್ಟ್ ಪ್ರದಾನ ಸಮಾರಂಭವಿತ್ತು. ನೂರಾರು ಮಕ್ಕಳು, ಅವರಿಗಿಂತ ಹೆಚ್ಚು ಫೋನುಗಳು. ಅತಿಥಿಗಳು ಬರುವವರಿದ್ದರಿಂದ ಗೇಟಿಗೆ ಗೃಹರಕ್ಷಕ ದಳದ ನಾಲ್ವರನ್ನು ಹಾಕಿದ್ದರು. ಖಾಕಿ ಹಾಕಿದ ಒಬ್ಬ ಹೆಣ್ಣುಮಗಳು ಸಮಾರಂಭ ಮುಗಿಯುವವರೆಗೆ ದೂರದಿಂದಲೇ ನನ್ನನ್ನು ನೋಡುತ್ತಿದ್ದಳು. ಜನ ಕರಗಿದ ಮೇಲೆ ಹತ್ತಿರ ಬಂದಳು. ಕೂದಲು ಮತ್ತೆ ಬೆಳೆದಿತ್ತು, ಟೋಪಿಯೊಳಗೆ ಗಂಟು ಕಟ್ಟಿದ್ದಳು.

"ಗುರುತು ಸಿಕ್ತೇನ್ರೀ ಸರ?"

ಸಿಗದೆ ಏನು. ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಹೊಲದ ಕೂಲಿ ಬಿಟ್ಟು ರಾಯಚೂರಿಗೆ ಬಂದು ಎರಡು ವರ್ಷವಾಯಿತಂತೆ. ಡ್ಯೂಟಿ ಇದ್ದ ದಿನ ಖಾಕಿ, ಇಲ್ಲದ ದಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ತಾಯಿ ಜೊತೆಗೇ ಇದ್ದಾಳೆ. ಮಾತು ಮುಗಿದರೂ ಹೋಗಲಿಲ್ಲ. 

"ನಿಮಗೊಂದು ಹೇಳಬೇಕಿತ್ರೀ" ಎಂದಳು. "ಆವತ್ತು ನಾನು ಸುಳ್ಳು ಹೇಳಿದ್ದೆ. ಹೊಸಪ್ಯಾಟಿ ಸ್ಟ್ಯಾಂಡಿನಾಗ ಮಾರಿ ತೊಳ್ಕೋತ ಎರಡು ಗುಟುಕು ನೀರು ಕುಡದಿದ್ದೆ. ತಡ್ಕೊಳ್ಳಾಕ ಆಗಲಿಲ್ರೀ. ನೀವು ಎಲ್ಲಾರ ಮುಂದ ಕೇಳಿದಾಗ ಹೆದರಿ ಇಲ್ಲಂದೆ. ಆಮ್ಯಾಲ ನೀವು ಹುಡುಗ್ಯಾರಿಗೆ ಸ್ಪರ್ಧಾಕ್ಕ ಕರಕೊಂಡು ಹೋಗೋದಾ ಬಿಟ್ರಂತ ಕೇಳಿದೆ. ನನ್ನಿಂದ ಎಷ್ಟು ಹುಡುಗ್ಯಾರದು ಹೋತೋ ಅಂತ ದಿನಾ ಅನಸ್ತದ. ನನ್ನ ಮ್ಯಾಲ ಸಿಟ್ಟು ಇಟ್ಕೋಬ್ಯಾಡ್ರೀ ಸರ."

ಎರಡು ಗುಟುಕು ನೀರು. ತೂಗಿದರೆ ನೂರು ಗ್ರಾಂ ಆದೀತು. ಅದನ್ನು ಅವಳು ಆರು ವರ್ಷ ಹೊತ್ತಿದ್ದಳು. ಹೇಳಲು ನನಗೆ ಬೇಕಾಗಿದ್ದದ್ದು ಒಂದೇ ವಾಕ್ಯ. ಸುತ್ತ ಯಾರೂ ಇರಲಿಲ್ಲ, ಮುಖ ಉಳಿಸಿಕೊಳ್ಳಬೇಕಾದ ತರಬೇತುದಾರರೂ ಇರಲಿಲ್ಲ. ಕಾಟಾ ಎಂಬ ಪದ ಗಂಟಲವರೆಗೆ ಬಂದದ್ದು ನಿಜ.

"ಇರ್ಲಿ ಬಿಡವ್ವಾ" ಎಂದೆ. "ಸಣ್ಣಾಕಿದ್ದಿ ಆವಾಗ. ನಾ ಅದನ್ನ ಎಂದೋ ಮರತೀನಿ."

ಅವಳ ಮುಖ ಹಗುರಾದದ್ದು ಕಣ್ಣಿಗೆ ಕಾಣುವಂತಿತ್ತು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.